ಹೊಸ ಕ್ಲೈಂಟ್‌ಗಳು ಎರಡೇ ತಿಂಗಳಲ್ಲಿ ಬಿಟ್ಟುಹೋಗುತ್ತಿದ್ದಾರೆ: ನಿಮ್ಮ ಏಜೆನ್ಸಿಯಲ್ಲಿ ಮೊದಲ ಕೆಲವು ವಾರ ಹೇಗೆ ನಡೆಯುತ್ತದೆ?

ಒಂಟಿಕೊಪ್ಪಲಿನವ

ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರಿನಲ್ಲಿ ಏಳು ಜನರ ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿ. ಸೀರೆ ಅಂಗಡಿ, ಹಲ್ಲಿನ ಕ್ಲಿನಿಕ್, ಪಿಯು ಕಾಲೇಜು, ಸೈಟ್ ಮಾರುವವರು, ಇಂಥವರೇ ನಮ್ಮ ಕ್ಲೈಂಟ್‌ಗಳು. ಕಳೆದ ಒಂದು ವರ್ಷದಲ್ಲಿ ಮೂವರು ಎರಡನೇ ತಿಂಗಳ ಬಿಲ್ ಕಟ್ಟುವ ಮೊದಲೇ ಹೊರಟುಹೋದರು. ನಮ್ಮ ಕೆಲಸ ಕೆಟ್ಟದಾಗಿತ್ತು ಅಂತ ನನಗೆ ಅನ್ನಿಸುವುದಿಲ್ಲ. ಕೆಲಸ ಶುರುವಾಗುವ ಮೊದಲೇ ಏನೋ ಕೆಟ್ಟಿರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಆಷಾಢದ ಕೊನೆಯ ವಾರ ಒಂದು ಸೀರೆ ಅಂಗಡಿಯವರು ಮುಂಗಡ ಕೊಟ್ಟರು. ವರಮಹಾಲಕ್ಷ್ಮಿ ಹಬ್ಬದ ವ್ಯಾಪಾರವೇ ಅವರ ಗುರಿ. ನಾವು ಎಂದಿನಂತೆ 42 ಪ್ರಶ್ನೆಗಳ ಇಂಗ್ಲಿಷ್ ಫಾರ್ಮ್ ಕಳಿಸಿದೆವು. ಅದು ತುಂಬಿ ಬರಲೇ ಇಲ್ಲ. ಫೇಸ್‌ಬುಕ್ ಪೇಜ್ ಪುಣೆಯಲ್ಲಿರುವ ಅವರ ಅಕ್ಕನ ಮಗನ ಹೆಸರಿನಲ್ಲಿತ್ತು, ಅವನು ಫೋನ್ ಎತ್ತುತ್ತಿರಲಿಲ್ಲ. ಲೋಗೋ ಅಂತ ಬಂದದ್ದು ವಾಟ್ಸಾಪ್‌ನಲ್ಲಿ ಮಸುಕಾದ ಒಂದು ಫೋಟೋ. ಜಾಹೀರಾತು ಶುರುವಾಗಿದ್ದು ಬುಧವಾರ ಸಂಜೆ, ಹಬ್ಬ ಶುಕ್ರವಾರ. ಮಾಲೀಕರು ಜಗಳವಾಡಲಿಲ್ಲ. "ಎಲೆ ಎತ್ತಿದ ಮೇಲೆ ಹೋಳಿಗೆ ಬಡಿಸೋಕೆ ಬಂದ್ರಿ" ಅಂದು ಸುಮ್ಮನಾದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಫಾರ್ಮ್ ಸರಿಮಾಡಬೇಕೋ, ಬೇರೆ ಸಾಫ್ಟ್‌ವೇರ್ ತರಬೇಕೋ, ಒಬ್ಬರನ್ನು ಇದಕ್ಕೇ ನೇಮಿಸಬೇಕೋ ತಿಳಿಯುತ್ತಿಲ್ಲ. ನೀವು ನಿಜವಾಗಿ ಏನು ಮಾಡುತ್ತೀರಿ ಅಂತ ಹೇಳಿ.

ಕೆಂಪು_ಡೈರಿ

ಬೆಂಗಳೂರಿನಲ್ಲಿ ಒಂಬತ್ತು ವರ್ಷದಿಂದ ಕ್ಲೈಂಟ್ ಸರ್ವಿಸಿಂಗ್ ಮಾಡುತ್ತಿದ್ದೇನೆ ಸರ್. ನಿಮ್ಮ ಕಥೆಯಲ್ಲಿ ನನಗೆ ಎದ್ದು ಕಂಡದ್ದು ಆ ಪುಣೆಯ ಹುಡುಗ. ಪ್ರತಿ ಎರಡನೇ ಕ್ಲೈಂಟ್‌ನ ಹತ್ತಿರ ಅಂಥ ಒಬ್ಬ ಇರುತ್ತಾನೆ. ಹಳೆಯ ವೆಬ್‌ಸೈಟ್ ಮಾಡಿಕೊಟ್ಟವನು, ಕೆಲಸ ಬಿಟ್ಟುಹೋದ ಮ್ಯಾನೇಜರ್, ಮದುವೆಯಾಗಿ ಹೋದ ಮಗಳು, ಇಲ್ಲವೇ ಹಿಂದಿನ ಏಜೆನ್ಸಿ. ನಾವೀಗ ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಒಂದು ಪ್ರಶ್ನೆ ಕೇಳಿಬಿಡುತ್ತೇವೆ: ಪೇಜ್, ಜಾಹೀರಾತು ಖಾತೆ, ಗೂಗಲ್ ಮ್ಯಾಪ್ಸ್‌ನ ಬಿಸಿನೆಸ್ ಪ್ರೊಫೈಲ್, ಡೊಮೈನ್ (ವೆಬ್‌ಸೈಟ್ ವಿಳಾಸ), ಅನಲಿಟಿಕ್ಸ್ (ವೆಬ್‌ಸೈಟ್‌ಗೆ ಬಂದವರ ಲೆಕ್ಕ ಇಡುವ ಗೂಗಲ್ ಸಾಧನ), ಈ ಐದೂ ಇವತ್ತು ಯಾರ ಇಮೇಲ್‌ನಲ್ಲಿವೆ? "ಗೊತ್ತಿಲ್ಲ" ಎಂಬ ಉತ್ತರ ಬಂದರೆ ಶುರುವಿನ ತಾರೀಕನ್ನು ಆಗಲೇ ಮುಂದಕ್ಕೆ ಹಾಕುತ್ತೇವೆ.

ಪಾಸ್‌ವರ್ಡ್ ಮಾತ್ರ ಎಂದೂ ಕೇಳಬೇಡಿ. ಗೂಗಲ್ ಆಡ್ಸ್‌ನಲ್ಲಿ ಅವರ ಹತ್ತು ಅಂಕಿಯ ಗ್ರಾಹಕ ಸಂಖ್ಯೆ ತೆಗೆದುಕೊಂಡು ನಮ್ಮ ಮ್ಯಾನೇಜರ್ ಖಾತೆಯಿಂದ (ಹಲವು ಕ್ಲೈಂಟ್‌ಗಳ ಖಾತೆ ನೋಡಿಕೊಳ್ಳುವ ಏಜೆನ್ಸಿಯ ಖಾತೆ) ಕೋರಿಕೆ ಕಳಿಸಿದರೆ ಅವರು ಒಪ್ಪಿಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ಫೇಸ್‌ಬುಕ್‌ನ ಕಂಪನಿ ಮೆಟಾದಲ್ಲಿ ಬಿಸಿನೆಸ್ ಪೋರ್ಟ್‌ಫೋಲಿಯೋ (ಪೇಜ್, ಜಾಹೀರಾತು ಖಾತೆ ಎಲ್ಲ ಒಟ್ಟಿಗೆ ಇಡುವ ಜಾಗ) ಅವರ ಹೆಸರಿನಲ್ಲೇ ಇರಲಿ, ನಾವು ಪಾಲುದಾರರಾಗಿ ಮಾತ್ರ ಒಳಗೆ ಹೋಗಬೇಕು. ಪೇಜನ್ನು ನಮ್ಮ ಪೋರ್ಟ್‌ಫೋಲಿಯೋಗೆ ಸೇರಿಸಿಕೊಂಡರೆ ಒಡೆತನವೇ ನಮ್ಮದಾಗಿಬಿಡುತ್ತದೆ. ಮುಂದೆ ಅವರು ಬಿಟ್ಟುಹೋಗುವಾಗ ಜಗಳ ಹುಟ್ಟುವುದು ಅಲ್ಲಿಂದಲೇ.

ಬಿಸಿನೆಸ್ ಪ್ರೊಫೈಲ್‌ಗೆ ಹೊಸದಾಗಿ ಮ್ಯಾನೇಜರ್ ಆದವರಿಗೆ ಮೊದಲ 7 ದಿನ ಎಲ್ಲ ಅಧಿಕಾರ ಸಿಗುವುದಿಲ್ಲ, ಅದನ್ನೂ ದಿನದ ಲೆಕ್ಕಕ್ಕೆ ಹಿಡಿಯಿರಿ. ಅನಲಿಟಿಕ್ಸ್ ಒಳಗೆ ಕಾಲಿಟ್ಟ ದಿನವೇ ಡೇಟಾ ಉಳಿಸಿಕೊಳ್ಳುವ ಅವಧಿ ನೋಡಿ. ಅದು ತಾನಾಗಿ 2 ತಿಂಗಳಿಗೆ ಇರುತ್ತದೆ, 14 ತಿಂಗಳಿಗೆ ಬದಲಿಸಬಹುದು. ಇದನ್ನು ಮರೆತ ಕ್ಲೈಂಟ್ ಒಬ್ಬರಿಗೆ ಹೋದ ದಸರಾ ಮತ್ತು ಈ ದಸರಾವನ್ನು ಆಳವಾಗಿ ಹೋಲಿಸಿ ತೋರಿಸಲು ನಮ್ಮಿಂದ ಆಗಲಿಲ್ಲ.

ಇದನ್ನೆಲ್ಲ ಇಮೇಲ್‌ನಲ್ಲಿ ವಿವರಿಸಿದರೆ ಯಾರೂ ಮಾಡುವುದಿಲ್ಲ. ನಿಜವಾಗಿ ಲಾಗಿನ್ ಇರುವ ವ್ಯಕ್ತಿಯನ್ನು ಹಿಡಿದು ಒಂದು ಗಂಟೆ ವಿಡಿಯೋ ಕಾಲ್‌ನಲ್ಲಿ ಕೂರಿಸಿ, ಸ್ಕ್ರೀನ್ ಹಂಚಿಕೊಂಡು, ಒಂದೊಂದಾಗಿ ಮುಗಿಸಿ.

ಸಪ್ತಾಪುರ

ನೋಡ್ರಿ ಸರ್, ಆ 42 ಪ್ರಶ್ನೆದ ಫಾರ್ಮ್ ಮೊದಲ ಬಿಡ್ರಿ. ನಾವೂ ಧಾರವಾಡದಾಗ ಹಂಗ ಕಳಸ್ತಿದ್ವಿ. ತುಂಬಿ ಕೊಡಾಂವ ಮಾಲಕ ಅಲ್ಲ, ಆಫೀಸನ್ಯಾಗಿನ ಹುಡುಗ. "ನಿಮ್ಮ ವಿಶೇಷತೆ ಏನು" ಅಂದ್ರ "ಗುಣಮಟ್ಟ" ಅಂತ ಬರೀತಾನ. ಅದನ್ನ ತಗೊಂಡು ನಾವು ಏನ್ ಜಾಹೀರಾತು ಮಾಡೋಣ್ರಿ?

ನಮ್ಮ ಕಡೆ ಕೋಚಿಂಗ್ ಸೆಂಟರ್ ಭಾಳ. ಒಂದು ಸೆಂಟರ್‌ನವರು "ನಮ್ಮ ಫ್ಯಾಕಲ್ಟಿ ಬಗ್ಗೆ ಹಾಕ್ರಿ" ಅಂತ ಗಂಟುಬಿದ್ರು. ನಾನು ಅಲ್ಲಿ ಕೌಂಟರ್ ಮಗ್ಗಲ ಕುರ್ಚಿ ಹಾಕ್ಕೊಂಡು ಒಂದು ದಿನಾ ಕುಂತೆ. ಎಸೆಸೆಲ್ಸಿ ಫಲಿತಾಂಶ ಬಂದಿದ್ದ ವಾರ ಅದು. ಊರಿಂದ ಬಂದ ತಂದಿ ತಾಯಿ ಫ್ಯಾಕಲ್ಟಿ ಬಗ್ಗೆ ಕೇಳಲೇ ಇಲ್ಲ. ಹಾಸ್ಟೆಲ್ ಎಷ್ಟು ದೂರ, ಮೆಸ್ಸಿನ್ಯಾಗ ರೊಟ್ಟಿ ಕೊಡ್ತಾರೇನು, ಮಗಳಿಗೆ ಆರಾಮಿಲ್ಲಂದ್ರ ಯಾರು ನೋಡ್ತಾರ, ಇಷ್ಟ. ಕೌಂಟರ್ ಮ್ಯಾಲಿದ್ದ ಅಕ್ಕಾರಿಗೆ ಇದೆಲ್ಲಾ ಬಾಯಿಪಾಠ ಇತ್ತು. ಮಾಲಕರಿಗೆ ಗೊತ್ತ ಇದ್ದಿದ್ದಿಲ್ಲ. ಆ ಅಕ್ಕಾರು ಹೇಳಿದ ನಾಕು ಮಾತ ನಮ್ಮ ಮೊದಲ ಜಾಹೀರಾತು ಆತು.

ಅದಕ್ಕ ನಮ್ಮಲ್ಲಿ ಈಗ ನಿಯಮ ಅದ: ಯಾರು ಜಾಹೀರಾತು ಬರೀತಾರೋ ಅವರ ಒಂದು ದಿನ ಹೋಗಿ ಕುಂದ್ರಬೇಕು. ಸೇಲ್ಸ್‌ನವರು ಹೋಗಿ ಬಂದು ಹೇಳಿದ್ರ ನಡೆಯಂಗಿಲ್ಲ.

ಒಂಟಿಕೊಪ್ಪಲಿನವ

ಸಪ್ತಾಪುರ ಅವರೇ, ಮನಸ್ಸಿಗೆ ಹಿಡಿಸಿತು. ಆದರೆ ನಮ್ಮಲ್ಲಿ ಒಬ್ಬ ಕ್ಲೈಂಟ್‌ನಿಂದ ಬರುವುದು ತಿಂಗಳಿಗೆ ₹18,000. ಒಬ್ಬ ಬರಹಗಾರ್ತಿಯನ್ನು ಇಡೀ ದಿನ ಕಳಿಸಿದರೆ ಆ ತಿಂಗಳು ಉಳಿಯುವುದು ಏನೂ ಇಲ್ಲ. ಅದೂ ಅಲ್ಲದೆ ಕ್ಲೈಂಟ್‌ಗಳೇ "ನೀವು ಬಂದು ಕೂತರೆ ಕೆಲಸ ಯಾವಾಗ ಮಾಡುತ್ತೀರಿ" ಅಂತ ಕೇಳುತ್ತಾರೆ.

ಸಪ್ತಾಪುರ

ಎರಡು ತಿಂಗಳಿಗೆ ಬಿಟ್ಟು ಹೋದ ಮೂರು ಮಂದಿದು ಲೆಕ್ಕಾ ಹಾಕ್ರಿ ಸರ್. ವರ್ಷಪೂರ್ತಿ ಇದ್ದಿದ್ರ ಎಷ್ಟಾಗ್ತಿತ್ತು? ಮೂರು ದಿನದ ಪಗಾರ ಅದರ ಮುಂದ ಏನೂ ಅಲ್ಲ. ಇಲ್ಲಂದ್ರ ಶುರುವಿನ ಶುಲ್ಕ ಅಂತ ಬ್ಯಾರೆ ತಗೋರಿ. ನಾವು ತಗೋತೀವಿ. ಕೊಡೋದಿಲ್ಲ ಅನ್ನೋರು ಮುಂದ ಬಿಲ್‌ಗೂ ಸತಾಯಿಸ್ತಾರ, ಇದು ನನ್ನ ಅನುಭವ.

ಲೆಕ್ಕಪತ್ರ

ನಾನು ಏಜೆನ್ಸಿಯವನಲ್ಲ, ನಾಲ್ಕೈದು ಸಣ್ಣ ಏಜೆನ್ಸಿಗಳ ಲೆಕ್ಕ ನೋಡುತ್ತೇನೆ. ಶುರುವಿನಲ್ಲೇ ಕೇಳಬೇಕಾದ ಹಣದ ಮಾತುಗಳನ್ನು ಎಲ್ಲರೂ ಸಂಕೋಚದಿಂದ ಮೊದಲ ಬಿಲ್‌ನ ತನಕ ತಳ್ಳುತ್ತಾರೆ. ಆ ಬಿಲ್ಲೇ ಜಗಳದ ಕಾಗದವಾಗುತ್ತದೆ.

ಮೊದಲನೆಯದು, ಜಾಹೀರಾತಿನ ಹಣ ಯಾರ ಕಾರ್ಡಿನಿಂದ ಹೋಗುತ್ತದೆ, ಆ ಖಾತೆಯಲ್ಲಿ ಯಾರ ಜಿಎಸ್‌ಟಿ ಸಂಖ್ಯೆ ಇದೆ ಎನ್ನುವುದು. ಗೂಗಲ್ ಮತ್ತು ಮೆಟಾ ಇಲ್ಲಿನ ಖಾತೆಗಳಿಗೆ 18% ಜಿಎಸ್‌ಟಿ ಸೇರಿಸಿ ಬಿಲ್ ಮಾಡುತ್ತವೆ. ಸೀರೆ ಅಂಗಡಿಯವರ ಜಿಎಸ್‌ಟಿ ಸಂಖ್ಯೆ ಖಾತೆಯಲ್ಲಿದ್ದರೆ ಆ ತೆರಿಗೆ ಅವರಿಗೆ ಹೂಡುವಳಿ ತೆರಿಗೆ ಜಮೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಮೊತ್ತ) ಸಿಗುತ್ತದೆ. ನಿಮ್ಮ ಕಾರ್ಡ್, ನಿಮ್ಮ ಸಂಖ್ಯೆ ಆದರೆ ಜಮೆ ನಿಮಗೆ ಬರುತ್ತದೆ, ನೀವು ಮತ್ತೆ ತೆರಿಗೆ ಹಾಕಿ ಅವರಿಗೆ ಬಿಲ್ ಮಾಡಬೇಕು. ಹಲ್ಲಿನ ಕ್ಲಿನಿಕ್ ಮತ್ತು ಪಿಯು ಕಾಲೇಜಿನ ಕಥೆ ಬೇರೆ. ಚಿಕಿತ್ಸೆಗೂ ಪಿಯುಸಿ ಶಿಕ್ಷಣಕ್ಕೂ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಅವರಿಗೆ ಜಮೆ ಸಿಗುವುದಿಲ್ಲ, ಆ 18% ಅವರಿಗೆ ಪೂರ್ತಿ ಖರ್ಚು. "₹18,000 ಅಂದಿರಿ, ₹21,240 ಹೇಗಾಯಿತು" ಎಂಬ ಪ್ರಶ್ನೆ ಬರುವುದು ಇಂಥವರಿಂದಲೇ. ಕೊಟೇಶನ್‌ನಲ್ಲೇ ತೆರಿಗೆ ಸೇರಿಸಿದ ಮೊತ್ತವನ್ನು ದಪ್ಪಕ್ಷರದಲ್ಲಿ ಬರೆಯಿರಿ.

ಕಾರ್ಡಿನಿಂದ ತಾನಾಗಿ ಕಡಿತವಾಗುವ ಮೊತ್ತ ₹15,000 ದಾಟಿದರೆ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಮತ್ತೆ ಒಟಿಪಿ ಬೇಕು. ಆ ಒಟಿಪಿ ಮಾಲೀಕರ ಫೋನಿಗೆ ಹೋಗಿ, ಅವರು ಮದುವೆ ಮನೆಯಲ್ಲಿದ್ದು, ಜಾಹೀರಾತು ನಿಂತುಹೋದದ್ದನ್ನು ನಾನು ಕಂಡಿದ್ದೇನೆ.

ಟಿಡಿಎಸ್ (ಹಣ ಕೊಡುವಾಗಲೇ ಕಡಿಯುವ ಆದಾಯ ತೆರಿಗೆ) ಎಷ್ಟು ಕಡಿಯುತ್ತಾರೆ ಅಂತಲೂ ಅವರ ಆಡಿಟರ್ ಹತ್ತಿರ ಮೊದಲೇ ಮಾತಾಡಿ. ಜಾಹೀರಾತು ಗುತ್ತಿಗೆ ಎಂದು ನೋಡಿದರೆ 1% ಅಥವಾ 2%, ವೃತ್ತಿಪರ ಸೇವೆ ಎಂದು ನೋಡಿದರೆ 10%. ಸಣ್ಣ ಏಜೆನ್ಸಿಯ ಕೈಯಲ್ಲಿ ಆಡುವ ಹಣಕ್ಕೆ ಈ ವ್ಯತ್ಯಾಸ ದೊಡ್ಡದು.

ಇನ್ನೊಂದು, ನಿಮ್ಮ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರದ ನೋಂದಣಿ) ಆಗಿದೆಯೇ? 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಹಣ ಕೊಡಬೇಕು. ತಡವಾಗಿ ಕೊಟ್ಟರೆ, ಕೊಟ್ಟ ವರ್ಷದಲ್ಲಿ ಮಾತ್ರ ಅವರು ಅದನ್ನು ಖರ್ಚಾಗಿ ತೋರಿಸಬಹುದು. ಇದನ್ನು ಬೆದರಿಕೆಯ ಧಾಟಿಯಲ್ಲಿ ಹೇಳಬೇಡಿ. ನೋಂದಣಿ ಸಂಖ್ಯೆಯನ್ನು ಒಪ್ಪಂದದಲ್ಲೂ ಬಿಲ್ಲಿನಲ್ಲೂ ಬರೆದರೆ ಸಾಕು, ಅವರ ಆಡಿಟರ್ರೇ ನೆನಪಿಸುತ್ತಾರೆ.

ಮರಗೆಲಸ

ನಾನು ಆ ಕಡೆಯವನು, ಅಂದರೆ ಕ್ಲೈಂಟ್. ಶಿವಮೊಗ್ಗದಲ್ಲಿ ಫರ್ನಿಚರ್ ಅಂಗಡಿ ಇದೆ. ನಾಲ್ಕು ವರ್ಷದಲ್ಲಿ ಮೂರು ಏಜೆನ್ಸಿ ಬದಲಿಸಿದ್ದೇನೆ. ಯಾಕೆ ಅಂತ ಯಾರೂ ಕೇಳಿರಲಿಲ್ಲ, ಇಲ್ಲಿ ಹೇಳುತ್ತೇನೆ.

ಮೊದಲ ಏಜೆನ್ಸಿಯಿಂದ ಬಂದು ಮಾತಾಡಿದವರು ತುಂಬಾ ಒಳ್ಳೆಯವರು. ನಮ್ಮ ತಂದೆ ಸಾಗವಾನಿ ಕೆಲಸ ಶುರು ಮಾಡಿದ್ದರಿಂದ ಹಿಡಿದು ಎರಡು ಗಂಟೆ ಎಲ್ಲ ಕೇಳಿಸಿಕೊಂಡರು. ಹಣ ಕಟ್ಟಿದ ಮೇಲೆ ಅವರನ್ನು ನಾನು ನೋಡಲೇ ಇಲ್ಲ. ವಾಟ್ಸಾಪ್ ಗುಂಪಿನಲ್ಲಿ ಆರು ಜನ ಸೇರಿದರು. ಯಾರು ಯಾರು ಅಂತ ಗೊತ್ತಾಗಲಿಲ್ಲ. ಸೋಮವಾರ ಒಬ್ಬರು ಲೋಗೋ ಕೇಳಿದರು, ಬುಧವಾರ ಇನ್ನೊಬ್ಬರು ಅದೇ ಲೋಗೋ ಕೇಳಿದರು. "ಸರ್, ನಿಮ್ಮ ಬಿಸಿನೆಸ್ ಬಗ್ಗೆ ಸ್ವಲ್ಪ ಹೇಳಿ" ಅಂತ ಮೂರನೆಯವರು. ಎರಡು ಗಂಟೆ ಹೇಳಿದ್ದು ಎಲ್ಲಿ ಹೋಯಿತು?

ಎರಡನೆಯವರ ಹತ್ತಿರ ಆದದ್ದು ಇನ್ನೂ ನೋವಿನದು. ಜಾಹೀರಾತು ನೋಡಿದವರು ಅಂಗಡಿಗೆ ಫೋನ್ ಮಾಡುತ್ತಾರೆ ಅಂತ ನಾನು ತಿಳಿದಿದ್ದೆ. ಒಂಬತ್ತು ದಿನ ಒಂದು ಫೋನೂ ಬರಲಿಲ್ಲ. ಸಿಟ್ಟಿನಲ್ಲಿ ಕೇಳಿದಾಗ "ಸರ್, 31 ಲೀಡ್ ಬಂದಿದೆಯಲ್ಲ" ಅಂದರು. ಲೀಡ್ ಅಂದರೆ ಆಸಕ್ತಿ ಇರುವವರು ಫೇಸ್‌ಬುಕ್‌ನಲ್ಲೇ ಹೆಸರು, ನಂಬರ್ ತುಂಬಿದ ಫಾರ್ಮ್. ನನ್ನ ಪೇಜಿನ ಒಳಗೆ ಯಾವುದೋ ಮೂಲೆಯಲ್ಲಿ ಕೂತಿತ್ತು. ನಮಗೆ ಯಾರೂ ತೋರಿಸಿರಲಿಲ್ಲ. ಫೋನ್ ಮಾಡಿದರೆ ಅರ್ಧ ಜನ ಆಗಲೇ ಬೇರೆ ಕಡೆ ಮಂಚ ಕೊಂಡುಬಿಟ್ಟಿದ್ದರು.

ಈಗಿನವರು ಬಂದ ಮೊದಲ ದಿನ ನನ್ನ ಮುಂದೆಯೇ ಕೂತು ಆ ಫಾರ್ಮ್ ತಾವೇ ತುಂಬಿದರು. ನನ್ನ ಮಗನ ಫೋನ್ ಟಿಂಗ್ ಅಂದಿತು. "ಹೀಗೆ ಬರುತ್ತದೆ, ಬಂದ ಹತ್ತು ನಿಮಿಷದಲ್ಲಿ ಮಾತಾಡಬೇಕು" ಅಂತ ಅವನಿಗೇ ಹೇಳಿಕೊಟ್ಟರು. ಅವರ ಹತ್ತಿರ ಎರಡು ವರ್ಷದಿಂದ ಇದ್ದೇನೆ.

ಕೆಂಪು_ಡೈರಿ

ಮರಗೆಲಸ ಅವರೇ, ನೀವು ಬರೆದದ್ದನ್ನು ನಮ್ಮ ಇಡೀ ತಂಡಕ್ಕೆ ಓದಿಸಿದೆ. ಆ ಲೀಡ್‌ಗಳು ಅಲ್ಲಿ 90 ದಿನ ಮಾತ್ರ ಡೌನ್‌ಲೋಡ್‌ಗೆ ಸಿಗುತ್ತವೆ, ಆಮೇಲೆ ಅದೂ ಇಲ್ಲ.

ನೀವು ಹೇಳಿದ ಮೊದಲ ವಿಷಯಕ್ಕೆ ನಮ್ಮಲ್ಲಿ ಈಗ ಒಂದು ದಾರಿ ಕಂಡುಕೊಂಡಿದ್ದೇವೆ. ಸೇಲ್ಸ್‌ನ ಕೊನೆಯ ಮಾತುಕತೆಗೆ ಮುಂದೆ ಕೆಲಸ ಮಾಡುವವರೂ ಬಂದು ಕೂರುತ್ತಾರೆ. ಸೇಲ್ಸ್‌ನವರು ಕ್ಲೈಂಟ್ ಎದುರಿಗೇ "ನಾನು ಇವರಿಗೆ ಇಷ್ಟು ಹೇಳಿದ್ದೇನೆ" ಅಂತ ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳಬೇಕಾಗಿ ಬಂದಾಗ ಆಗದ ಮಾತು ಕೊಡುವುದು ತಾನಾಗಿ ಕಡಿಮೆಯಾಯಿತು.

ಮೊದಲ ವಾರಗಳು ಯಾಕೆ ಸಪ್ಪೆ ಅನ್ನುವುದನ್ನೂ ಲೆಕ್ಕ ಹಾಕಿ ತೋರಿಸಿ. ಮೆಟಾದ ಜಾಹೀರಾತು ಕಲಿಕೆಯ ಹಂತ (ಯಾರಿಗೆ ತೋರಿಸಬೇಕು ಅಂತ ವ್ಯವಸ್ಥೆ ಕಲಿಯುವ ಅವಧಿ) ದಾಟಲು ಒಂದು ಆಡ್ ಸೆಟ್‌ಗೆ (ಒಂದೇ ಬಜೆಟ್, ಒಂದೇ ಗುರಿಯ ಜಾಹೀರಾತುಗಳ ಗುಂಪು) 7 ದಿನದಲ್ಲಿ ಸುಮಾರು 50 ಫಲಿತಾಂಶ ಬೇಕು, ಅಂದರೆ ಇಲ್ಲಿ ಲೀಡ್. ದಿನಕ್ಕೆ ₹500, ಒಂದು ಲೀಡ್‌ಗೆ ₹150 ಬೀಳುತ್ತದೆ ಅಂದುಕೊಳ್ಳಿ. ವಾರಕ್ಕೆ 23 ಲೀಡ್ ಆಯಿತು. ಐವತ್ತು ಎಲ್ಲಿಂದ ಬರುತ್ತದೆ? ಅದನ್ನೂ ನಾಲ್ಕು ಆಡ್ ಸೆಟ್‌ಗೆ ಹರಿದು ಹಂಚಿದರೆ ಮುಗಿದೇ ಹೋಯಿತು. ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿದರೆ ವ್ಯಾಪಾರಿಗಳಿಗೆ ಥಟ್ಟನೆ ಅರ್ಥವಾಗುತ್ತದೆ. ಅವರು ನಮಗಿಂತ ಚೆನ್ನಾಗಿ ಲೆಕ್ಕ ಬಲ್ಲವರು.

ಪಡುವಣ_ಗಾಳಿ

ಮಂಗಳೂರಿನಿಂದ, ಕಾಪಿ (ಜಾಹೀರಾತಿನ ಬರಹ) ಬರೆಯುವವಳು. ಎಲ್ಲರೂ ಖಾತೆ, ಹಣ ಹೇಳಿದಿರಿ. ಭಾಷೆಯ ಸಂಗತಿ ಒಂದು ಉಂಟು, ಅದನ್ನು ಯಾರೂ ಶುರುವಿನಲ್ಲಿ ಕೇಳುವುದಿಲ್ಲ.

ಕ್ಲೈಂಟ್‌ನ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯುವುದು? ಒಂದು ಆಭರಣದ ಅಂಗಡಿಗೆ ನಮ್ಮವರೇ ಒಂದು ಪೋಸ್ಟರ್‌ನಲ್ಲಿ "ಜ್ಯುವೆಲ್ಲರ್ಸ್", ಇನ್ನೊಂದರಲ್ಲಿ "ಜುವೆಲರ್ಸ್", ಬಸ್ಸಿನ ಹಿಂದೆ "ಜ್ಯೂವೆಲರ್ಸ್" ಅಂತ ಹಾಕಿಬಿಟ್ಟಿದ್ದರು. ಮಾಲೀಕರ ತಾಯಿ ಕಂಡುಹಿಡಿದದ್ದು. ಅವರಿಗೆ ಆದ ಬೇಸರ ಅಷ್ಟಿಷ್ಟಲ್ಲ, ಅದು ಅವರ ಗಂಡ ಇಟ್ಟ ಹೆಸರು. 2024ರ ತಿದ್ದುಪಡಿಯ ನಂತರ ನಾಮಫಲಕದಲ್ಲಿ 60% ಕನ್ನಡ ಇರಬೇಕಲ್ಲ, ಹಾಗಾಗಿ ಅಂಗಡಿಯ ಬೋರ್ಡಿನಲ್ಲಿ ಒಂದು ಕಾಗುಣಿತ ಆಗಲೇ ಇರುತ್ತದೆ. ಹೋದ ದಿನವೇ ಅದರ ಫೋಟೋ ತೆಗೆಯಿರಿ, "ಇದೇ ಸರಿಯಾ" ಅಂತ ಕೇಳಿ ಬರೆಸಿಕೊಳ್ಳಿ.

ಮತ್ತೆ ಲೋಗೋ. ಕ್ಲೈಂಟ್ ಹತ್ತಿರ ಮೂಲ ಫೈಲ್ ಇರುವುದಿಲ್ಲ ಮಾರ್ರೆ, ಅದು ಇರುವುದು ಫ್ಲೆಕ್ಸ್ ಪ್ರಿಂಟ್ ಮಾಡಿದವರ ಕಂಪ್ಯೂಟರಿನಲ್ಲಿ, ಕೋರೆಲ್‌ಡ್ರಾ ಫೈಲಾಗಿ. ಕ್ಲೈಂಟ್‌ನ ಜೀವ ತಿನ್ನುವ ಬದಲು ಪ್ರಿಂಟಿಂಗ್‌ನವರ ನಂಬರ್ ತೆಗೆದುಕೊಳ್ಳಿ, ಹತ್ತು ನಿಮಿಷದಲ್ಲಿ ಸಿಗುತ್ತದೆ. ಹಳೆಯ ಕರಪತ್ರದ ಪಠ್ಯ ಯುನಿಕೋಡ್‌ನಲ್ಲಿ ಉಂಟೋ ಹಳೆಯ ನುಡಿ ಫಾಂಟ್‌ನಲ್ಲಿ ಉಂಟೋ ಅದನ್ನೂ ಆಗಲೇ ನೋಡಿಕೊಳ್ಳಿ. ಹಳೆಯದಾದರೆ ಪರಿವರ್ತಿಸಿ ಒತ್ತಕ್ಷರಗಳನ್ನು ಕೂತು ತಿದ್ದಬೇಕು. ಹಬ್ಬದ ಹಿಂದಿನ ರಾತ್ರಿ ಮಾಡುವ ಕೆಲಸ ಅಲ್ಲ ಅದು.

ಇನ್ನು "ಓಕೆ" ಹೇಳುವವರು ಯಾರು? ನಮ್ಮ ಕಡೆ ಅಂಗಡಿಗೆ ಅಣ್ಣ ತಮ್ಮ ಇಬ್ಬರೂ ಮಾಲೀಕರು. ತಮ್ಮ ಒಪ್ಪಿದ್ದನ್ನು ಅಣ್ಣ ರಾತ್ರಿ ನೋಡಿ ಬೇಡ ಅನ್ನುತ್ತಾರೆ. ಒಬ್ಬರ ಹೆಸರು ಬರೆಸಿಕೊಳ್ಳದೆ ಒಂದು ಪೋಸ್ಟರ್ ಕೂಡ ಶುರು ಮಾಡಬೇಡಿ.

ಸಪ್ತಾಪುರ

ಪಡುವಣ_ಗಾಳಿ ಅಕ್ಕಾರು ಹೇಳಿದ್ದು ಖರೆ. ಎಸ್‌ಎಂಎಸ್ ಬಗ್ಗೆನೂ ಒಂದು ಮಾತು. ಅಡ್ಮಿಷನ್ ಟೈಮಿಗೆ ಎಲ್ಲಾರಿಗೂ ಎಸ್‌ಎಂಎಸ್ ಬೇಕು. ಟೆಲಿಕಾಂ ನಿಯಂತ್ರಕ ಟ್ರಾಯ್‌ದ 2018ರ ನಿಯಮದ ಪ್ರಕಾರ ಕ್ಲೈಂಟ್ ತಮ್ಮ ಹೆಸರಿಲೇ ಡಿಎಲ್‌ಟಿ (ಎಸ್‌ಎಂಎಸ್ ಕಳಸೋರ ದಾಖಲೆ ಇಡೋ ವ್ಯವಸ್ಥಾ) ನೋಂದಣಿ ಮಾಡಿಸಬೇಕು, ಹೆಡರ್ (ಕಳಸಿದವರ ಹೆಸರು) ಬ್ಯಾರೆ, ಟೆಂಪ್ಲೇಟ್ (ಸಂದೇಶದ ನಮೂನೆ) ಬ್ಯಾರೆ. ಫಲಿತಾಂಶದ ದಿನ ಬಂದು "ಇವತ್ತ ಕಳಸ್ರಿ" ಅಂದ್ರ ಆಗಂಗಿಲ್ಲ. ಇದನ್ನ ಸಹಿ ಮಾಡೋ ದಿನಾನ ಹೇಳ್ರಿ.

ಕೆಂಪು_ಡೈರಿ ಮೇಡಂ, ನಿಮ್ಮ ಒಂದು ಮಾತು ಮಾತ್ರ ನಾ ಒಪ್ಪಂಗಿಲ್ರಿ. ಲಾಗಿನ್ ಸಿಗೋತನಕ ತಾರೀಕು ಮುಂದ ಹಾಕ್ತೀವಿ ಅಂದ್ರಿ. ರೊಕ್ಕಾ ಕೊಟ್ಟಾಂವ ಹತ್ತು ದಿನಾ ಸುಮ್ಮನ ಕುಂತ್ರ ಅವನ ಮನಸ್ಸಿನ್ಯಾಗ ಸಂಶಯ ಹುಟ್ಟತದ. ಲಾಗಿನ್ ಇಲ್ಲದ ಮಾಡೋ ಕೆಲಸ ಭಾಳ ಅವ. ಗಿರಾಕಿ ಆಗಿ ಅಂಗಡಿಗೆ ಫೋನ್ ಮಾಡಿ ನೋಡೋದು, ಫೋಟೋ ತಗಿಯೋದು, ಹಬ್ಬದ ಪಟ್ಟಿ ಮಾಡೋದು. ಮೊದಲ ವಾರದಾಗ ಒಂದಾದ್ರೂ ಅವರ ಕೈಗೆ ಕೊಡ್ರಿ.

ಕೆಂಪು_ಡೈರಿ

ಒಪ್ಪಿದೆ. ಆದರೆ ತಿಂಗಳ ಲೆಕ್ಕ ಮಾತ್ರ ಲಾಗಿನ್ ಸಿಕ್ಕ ದಿನದಿಂದಲೇ ಶುರುವಾಗಬೇಕು, ಅದನ್ನು ನಾನು ಬಿಡುವುದಿಲ್ಲ. ಇನ್ನೊಂದು ಎಚ್ಚರಿಕೆ: ಮೊದಲ ವಾರ ಉತ್ಸಾಹದಲ್ಲಿ ಕ್ಲೈಂಟ್ "ಹಳೆಯ ಗ್ರಾಹಕರ ನಂಬರ್‌ಗಳೆಲ್ಲ ಇವೆ" ಅಂತ ಎಕ್ಸೆಲ್ ಫೈಲ್ ವಾಟ್ಸಾಪ್ ಮಾಡುತ್ತಾರೆ. ಕಣ್ಣುಮುಚ್ಚಿ ಜಾಹೀರಾತು ಖಾತೆಗೆ ಏರಿಸಬೇಡಿ. ಆ ನಂಬರ್‌ಗಳನ್ನು ಹೇಗೆ ಪಡೆದರು, ಯಾವುದಕ್ಕೆ ಒಪ್ಪಿಗೆ ಪಡೆದರು ಅಂತ ಕೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ದಂಡ ₹250 ಕೋಟಿಯ ತನಕ ಹೋಗಬಹುದು.

ಒಂಟಿಕೊಪ್ಪಲಿನವ

ಏಳು ವಾರದ ನಂತರ ಮತ್ತೆ ಬರುತ್ತಿದ್ದೇನೆ. ಎಲ್ಲರಿಗೂ ಮನಸಾರೆ ವಂದನೆ.

42 ಪ್ರಶ್ನೆಗಳ ಫಾರ್ಮ್ ಅಳಿಸಿಬಿಟ್ಟೆ. ಅದರ ಬದಲು ಎರಡು ಪುಟದ ಕನ್ನಡ ಕಾಗದ ಮಾಡಿದ್ದೇವೆ. ಅದನ್ನು ಕ್ಲೈಂಟ್ ತುಂಬುವುದಿಲ್ಲ, ನಮ್ಮವರೇ ಅಲ್ಲಿ ಕೂತು ತುಂಬುತ್ತಾರೆ. ಶುರುವಿನ ಶುಲ್ಕ ₹9,000 ಅಂತ ಇಟ್ಟೆ. ಇಬ್ಬರು ಕೊಟ್ಟರು, ಒಬ್ಬರು ಒಪ್ಪದೆ ಬೇರೆ ಕಡೆ ಹೋದರು. ಹೋದ ದಿನ ಹೊಟ್ಟೆಯುರಿಯಿತು, ಈಗ ಇಲ್ಲ.

ಕೊಟ್ಟವರಲ್ಲಿ ಒಬ್ಬರು ಹಲ್ಲಿನ ಡಾಕ್ಟರು. ನಮ್ಮ ಬರಹಗಾರ್ತಿ ಹೋಗುವ ಮೊದಲು ಮೂರು ದಿನ ಬೇರೆ ಬೇರೆ ಹೊತ್ತಿನಲ್ಲಿ ರೋಗಿಯಂತೆ ಫೋನ್ ಮಾಡಿದಳು. ಮಧ್ಯಾಹ್ನ ಒಂದೂವರೆಯಿಂದ ನಾಲ್ಕೂವರೆ ತನಕ ಯಾರೂ ಎತ್ತಲಿಲ್ಲ. ಆ ಹೊತ್ತು ಕ್ಲಿನಿಕ್ ಮುಚ್ಚಿರುತ್ತದೆ, ಫೋನ್ ಮೇಜಿನ ಡ್ರಾಯರಿನಲ್ಲಿ. ಡಾಕ್ಟರಿಗೆ ಈ ಮೂರು ದಿನದ ಪಟ್ಟಿ ತೋರಿಸಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ನಂಬರನ್ನು ಮಧ್ಯಾಹ್ನ ರಿಸೆಪ್ಷನಿಸ್ಟ್ ಮೊಬೈಲಿಗೆ ತಿರುಗಿಸಿ, ಅವರ ಸಂಬಳ ಸ್ವಲ್ಪ ಏರಿಸಿದರು. ನೋಡಿದವರು ನೇರವಾಗಿ ಫೋನ್ ಮಾಡುವ ಜಾಹೀರಾತುಗಳನ್ನು ಬೆಳಿಗ್ಗೆ ಮತ್ತು ಸಂಜೆಗೆ ಮಾತ್ರ ಇಡುವುದು ಅಂತ ನಾವು ತೀರ್ಮಾನಿಸಿದೆವು. ಇಷ್ಟೂ ಆದದ್ದು ನಮಗೆ ಅವರ ಪೇಜಿನ ಲಾಗಿನ್ ಸಿಗುವ ಮೊದಲು. ಎರಡನೇ ತಿಂಗಳ ಬಿಲ್ಲಿನ ಹಣ ಮೊನ್ನೆ ಬಂತು, ಟಿಡಿಎಸ್ 2% ಕಡಿದು, ಮಾತಾಡಿಕೊಂಡಂತೆ.

ಸೈಟ್ ಮಾರುವ ಕ್ಲೈಂಟ್ ಮಾತ್ರ ಈ ಸಲವೂ ನಿಲ್ಲಲಿಲ್ಲ. ಇಬ್ಬರು ಪಾಲುದಾರರಲ್ಲಿ ಯಾರು ಒಪ್ಪಿಗೆ ಕೊಡಬೇಕು ಅನ್ನುವುದೇ ಅವರಲ್ಲಿ ಇತ್ಯರ್ಥವಾಗಲಿಲ್ಲ. ಹೆಸರು ಬರೆಸಿಕೊಳ್ಳದೆ ಶುರು ಮಾಡಿದ್ದು ನನ್ನದೇ ತಪ್ಪು. ಹೋಗುವಾಗ ಎಲ್ಲ ಖಾತೆಯೂ ಅವರ ಹೆಸರಿನಲ್ಲೇ ಇದ್ದುದರಿಂದ ಅರ್ಧ ಗಂಟೆಯಲ್ಲಿ ನಾವು ಹೊರಬಂದೆವು, ಜಗಳವಾಗಲಿಲ್ಲ.

ಮರಗೆಲಸ

ಸಂತೋಷವಾಯಿತು ಸಾರ್. ಆ ಎರಡು ಪುಟದ ಕಾಗದದಲ್ಲಿ ಏನೇನಿದೆ ಅಂತ ಹೇಳಬಹುದಾ? ನಮ್ಮ ಭಾವನವರು ಭದ್ರಾವತಿಯಲ್ಲಿ ಹಾರ್ಡ್‌ವೇರ್ ಅಂಗಡಿಗೆ ಏಜೆನ್ಸಿ ನೋಡುತ್ತಿದ್ದಾರೆ. ಏಜೆನ್ಸಿಯವರು ಕೇಳದಿದ್ದರೆ ಅವರೇ ಮುಂದಾಗಿ ಹೇಳಲಿ ಅಂತ.

ಒಂಟಿಕೊಪ್ಪಲಿನವ

ಖಂಡಿತ. ಇಡೀ ಕಾಗದದ ಫೋಟೋ ಸಂಜೆ ಹಾಕುತ್ತೇನೆ. ಸದ್ಯಕ್ಕೆ ಮೊದಲ ಪುಟದ ಮೇಲ್ಭಾಗ ಇದು:

ಅಂಗಡಿಗೆ ಫೋನ್ ಬಂದರೆ ಮೊದಲು ಎತ್ತುವವರು ಯಾರು? ಅವರು ಊಟಕ್ಕೆ ಹೋದಾಗ ಯಾರು? ಬಂದವರು ಎಲ್ಲಕ್ಕಿಂತ ಮೊದಲು ಏನು ಕೇಳುತ್ತಾರೆ, ಅವರದೇ ಮಾತಿನಲ್ಲಿ? ಏನೂ ಕೊಳ್ಳದೆ ವಾಪಸ್ ಹೋದವರು ಏನು ಹೇಳಿ ಹೋದರು? ಬೋರ್ಡಿನ ಮೇಲಿನ ಹೆಸರು ಸರಿಯಾಗಿದೆಯೇ? ಪೋಸ್ಟರ್‌ಗೆ ಒಪ್ಪಿಗೆ ಕೊಡುವ ಒಬ್ಬರ ಹೆಸರು. ಪೇಜ್ ಯಾರ ಫೋನಿನಲ್ಲಿದೆ, ಅವರು ಈಗ ಎಲ್ಲಿದ್ದಾರೆ?